ನಿಂಬೆ ತೋಟದೊಳಗೆ ಹೊಕ್ಕ ಗೆರೆ

ಅಕ್ಕನನ್ನು ಅಗರಖೇಡದ ಹಾದಿಯಲ್ಲಿರುವ ಒಂದು ಹಳ್ಳಿಗೆ ಕೊಟ್ಟಾಗ ನಮ್ಮವ್ವ ನೋಡಿದ್ದು ಒಂದೇ: ಆ ಮನೆಗೆ ನಿಂಬೆ ತೋಟವಿತ್ತು. ಇಂಡಿ ತಾಲೂಕಿನಲ್ಲಿ ಅದು ದೊಡ್ಡ ಮಾತು. ನಾನು ಡಿಪ್ಲೊಮಾ ಮುಗಿಸಿ ಬಸವನ ಬಾಗೇವಾಡಿಯಲ್ಲಿ ಗುತ್ತಿಗೆದಾರರೊಬ್ಬರ ಕಚೇರಿ ಸೇರಿದೆ. ಮುದ್ದೇಬಿಹಾಳದ ಕಡೆ ನದಿಯ ನೀರೆತ್ತಿ ಇಂಡಿ, ಸಿಂದಗಿಯ ಹಳ್ಳಿಗಳಿಗೆ ಕುಡಿಯಲು ಒಯ್ಯುವ ಯೋಜನೆಯ ಕೆಲಸ ಅಲ್ಲಿ ನಡೆದಿತ್ತು. ಪೈಪ್‌ಲೈನ್ ಎಲ್ಲಿ ಹಾಯಬೇಕು, ಎಲ್ಲಿ ತಿರುಗಬೇಕು, ನೆಲದೊಳಗೆ ಎಷ್ಟು ಆಳಕ್ಕಿರಬೇಕು ಎಂಬುದನ್ನು ಕಂಪ್ಯೂಟರಿನಲ್ಲಿ ಬಿಡಿಸುವುದು ನನ್ನ ಪಾಲಿಗೆ ಬಂತು.

ಆ ಸಾಫ್ಟ್‌ವೇರ್ ನನಗೆ ಬಹಳ ಹಿಡಿಸಿತ್ತು. ಸರ್ವೆಯವರು ತಂದ ಅಳತೆ ತುಂಬಿದರೆ ಹಳ್ಳ, ದಿಬ್ಬ, ಹೊಲದ ಬದು ಎಲ್ಲ ಪರದೆಯ ಮೇಲೆ ಎದ್ದು ನಿಲ್ಲುತ್ತಿದ್ದವು. ಪೈಪು ಇರಬಾರದ ಕಡೆ ಇದ್ದರೆ ಆ ಜಾಗ ಕೆಂಪಾಗುತ್ತಿತ್ತು. ಯಾರ ಮುಖವನ್ನೂ ನೋಡದೆ ತಪ್ಪನ್ನು ತಪ್ಪು ಎನ್ನುವ ಅದರ ಗುಣ ನಮ್ಮ ಕಚೇರಿಯಲ್ಲಿ ಬೇರೆ ಯಾರಿಗೂ ಇರಲಿಲ್ಲ.

ಅಕ್ಕನ ಊರಿನ ಹತ್ತಿರ ನಾನು ಮೊದಲು ಎಳೆದ ಗೆರೆ ರಸ್ತೆಯ ಬದಿಗೇ ಇತ್ತು. ನೆಲ ಸಮ, ಯಾರ ಹೊಲಕ್ಕೂ ಕೈ ಹಚ್ಚುವ ಹಾಗಿರಲಿಲ್ಲ. ಆದರೆ ಅಲ್ಲಿ ಒಬ್ಬ ದೊಡ್ಡ ಮನುಷ್ಯ ಹೊಸದಾಗಿ ಕಲ್ಯಾಣ ಮಂಟಪ ಕಟ್ಟಿಸಿದ್ದ. ಅದರ ಕಾಂಪೌಂಡು ರಸ್ತೆಯ ಜಾಗವನ್ನು ನುಂಗಿ ನಿಂತಿತ್ತು. ಒಂದು ದಿನ ನಮ್ಮ ಹಿರಿಯ ಎಂಜಿನಿಯರು ನನ್ನ ಹಿಂದೆ ಬಂದು ನಿಂತು ಪರದೆಗೆ ಬೆರಳು ಹಚ್ಚಿದರು.

"ಇದನ್ನ ಈ ಕಡೆ ಒಳಗ ತಗೋರಿ. ಕಾಂಪೌಂಡ್ ಮುಟ್ಟಾಕ ಆಗೂದಿಲ್ಲ."

"ಸರ್, ಆ ಕಡೆ ನಿಂಬಿ ತೋಟ ಐತ್ರಿ, ನಮ್ಮಕ್ಕಂದು. ಅದನ್ನ ಬಿಟ್ರೂ ಅಲ್ಲಿ ದಿಬ್ಬ ಐತ್ರಿ. ದಿಬ್ಬದ ಮ್ಯಾಲ ಗಾಳಿ ಸಿಕ್ಕೊಂಡ್ರ ನೀರು ಮುಂದ ಹೋಗೂದಿಲ್ರಿ."

"ಅಕ್ಕನ ಸಲುವಾಗಿ ಹೇಳಾಕತ್ತೀರೋ, ದಿಬ್ಬದ ಸಲುವಾಗಿ ಹೇಳಾಕತ್ತೀರೋ?"

ಕಚೇರಿಯವರೆಲ್ಲ ನಕ್ಕರು. ಅಕ್ಕನ ಹೆಸರು ಬಂದದ್ದೇ ತಡ, ದಿಬ್ಬವೂ ಸುಳ್ಳಾಯಿತು. ಅಲ್ಲಿ ಹಾಯುವುದೇ ಆದರೆ ಗಾಳಿ ಹೊರಬಿಡಲು ದೊಡ್ಡ ವಾಲ್ವ್ ಬೇಕು ಎಂದು ಲೆಕ್ಕ ಮಾಡಿ ತೋರಿಸಿದೆ. ಸಣ್ಣದು ಸಾಕೆಂದರು. ನಾನು ಗೆರೆ ಬದಲಿಸುವುದಿಲ್ಲ ಎಂದೆ. ಪಕ್ಕದ ಮೇಜಿನವನು ಎದ್ದು ಬಂದು ನನ್ನ ಮೌಸ್ ಹಿಡಿದು ಬದಲಿಸಿಬಿಟ್ಟ. ನನ್ನ ಚಹಾ ಆರುವಷ್ಟರಲ್ಲಿ ಕೆಲಸ ಮುಗಿದಿತ್ತು.

ಸುದ್ದಿ ಮುಟ್ಟಿದ ಮೇಲೆ ಅಕ್ಕನ ಗಂಡ ಬಸ್ಸು ಹಿಡಿದು ಬಾಗೇವಾಡಿಗೆ ಬಂದರು. ಅವರನ್ನು ನಾನು ಮಾಮಾ ಎನ್ನುತ್ತೇನೆ. ಕಚೇರಿಯ ಎದುರಿನ ಹೋಟೆಲಿನಲ್ಲಿ ಕೂತೆವು.

"ಗೆರಿ ಹಾಕಾಕಿ ನೀನ ಅಲ್ಲವ್ವಾ? ಒಂದೀಟು ಸರಿಸಿಬಿಡು. ಬಟನ್ ಒತ್ತಿದ್ರ ಆತು."

"ನನ್ನ ಕೈಯಾಗ ಇಲ್ರಿ ಮಾಮಾ. ಬ್ಯಾಡ ಅಂತ ಹೇಳೇನ್ರಿ. ಕೇಳಲಿಲ್ಲ ಅವ್ರು."

"ನಿನ್ನ ಮಾತು ಕೇಳದಿದ್ರ ಅಲ್ಲ್ಯಾಕ ಕುಂತಿ?"

ಸಂಬಳಕ್ಕೆ ಎನ್ನುವ ಬದಲು ಚಹಾದ ಲೋಟವನ್ನು ಅವರತ್ತ ಸರಿಸಿದೆ. ಮಾಮಾ ಚಹಾ ಮುಟ್ಟದೆ ಎದ್ದು ಹೋದರು.

ಬೇಸಿಗೆಯಲ್ಲಿ, ಗಿಡದ ತುಂಬ ಕಾಯಿ ಇದ್ದಾಗ, ಜೆಸಿಬಿ ಬಂತು. ನಾನು ರಜೆ ಹಾಕಿ ಹೋದೆ. ಹೋಗಿ ಏನು ಮಾಡಬೇಕೆಂಬುದು ನನಗೂ ಗೊತ್ತಿರಲಿಲ್ಲ. ತೋಟದ ನಟ್ಟನಡುವೆ ಸಾಲಿಗೆ ಸಾಲೇ ಕಿತ್ತು ಬಿದ್ದಿತ್ತು. ಜಜ್ಜಿದ ಎಲೆಯ ವಾಸನೆ ಮೂಗಿಗೆ ಅಡರುತ್ತಿತ್ತು. ಅಗೆಯುವವರ ಎದುರಿಗೇ ಅಕ್ಕ ಕೂಗಿದಳು.

"ಬಾ, ನೋಡ ಬಾ. ನೀ ಬರದದ್ದು ಎಷ್ಟು ಚಂದ ಕಾಣಾಕತ್ತೈತಿ ನೋಡು."

"ನಾ ಬರದಿಲ್ಲ ಅಕ್ಕಾ."

"ಮತ್ಯಾರು ಬರದ್ರು? ಕಂಪ್ಯೂಟರ್ ತಾನ ಬರೀತೇನು?"

ಪೈಪಿನ ಮೇಲೆ ಮತ್ತೆ ಗಿಡ ಹಚ್ಚುವಂತಿಲ್ಲ ಎಂದು ನಮ್ಮ ಕಂಪನಿಯ ಹುಡುಗನೇ ಅವಳಿಗೆ ಹೇಳಿದ.

ಪರೀಕ್ಷೆಗೆ ನೀರು ಬಿಟ್ಟಾಗ ಅದು ದಿಬ್ಬ ದಾಟಲಿಲ್ಲ. ಮುಂದಿನ ಹಳ್ಳಿಗಳ ನಲ್ಲಿಗಳಲ್ಲಿ ಬರೀ ಗಾಳಿ ಬುಸುಗುಟ್ಟಿತು. ಹೆಂಗಸರು ಕೊಡ ಇಟ್ಟು ಕಾದು ಬೈದು ಹೋದರು. ಮೇಲಿನ ಅಧಿಕಾರಿಗಳು ಬಂದು ಸಭೆ ಕರೆದರು. ಅಲ್ಲಿ ನಮ್ಮ ಹಿರಿಯ ಎಂಜಿನಿಯರು ನನ್ನ ಕಡೆ ತಿರುಗಿದರು.

"ಡಿಸೈನ್ ಮಾಡಾವ್ರು ಇದನ್ನ ಮೊದಲ ಹೇಳಬೇಕಿತ್ತು."

"ಹೇಳೇನ್ರಿ ಸರ್. ನಿಮ್ಮ ಮುಂದನ ಹೇಳೇನಿ. ಎಲ್ಲಾರೂ ನಕ್ಕಿದ್ರಿ."

ಒಬ್ಬ ಅಧಿಕಾರಿ ನೀರಿನ ಬಾಟಲಿಯ ಮುಚ್ಚಳ ತೆಗೆದು ಕುಡಿದರು. ಆಮೇಲೆ ಸಭೆ ಮುಂದಿನ ವಿಷಯಕ್ಕೆ ಹೋಯಿತು. ದೊಡ್ಡ ವಾಲ್ವ್ ಕೂಡಿಸುವ ನಕ್ಷೆಯನ್ನು ನನಗೇ ಒಪ್ಪಿಸಿದರು. ನೀರು ಮುಟ್ಟಬೇಕಾದ ಊರುಗಳ ತಪ್ಪೇನೂ ಇರಲಿಲ್ಲ, ಮಾಡಿಕೊಟ್ಟೆ. ವಾಲ್ವಿಗೆ ಕಟ್ಟುವ ಚೇಂಬರಿಗಾಗಿ ಅಕ್ಕನ ತೋಟದಲ್ಲಿ ಇನ್ನಷ್ಟು ಗಿಡ ಹೋದವು. ಈ ಸಲ ಗೆರೆ ಎಳೆದದ್ದು ನಿಜವಾಗಿಯೂ ನಾನೇ.

ಅದನ್ನು ನಾನೇ ಹೇಳಬೇಕೆಂದು ಅಕ್ಕನ ಮನೆಗೆ ಹೋದೆ. ಅವಳು ಕಟ್ಟೆಯ ಮೇಲೆ ಜೋಳ ಹಸನು ಮಾಡುತ್ತಿದ್ದಳು. ಬಾ ಎನ್ನಲಿಲ್ಲ. ಹೇಳಬೇಕೆಂದು ಬಂದದ್ದು ಬಿಟ್ಟು ಬೇರೆಯೇ ಬಾಯಿಗೆ ಬಂತು.

"ನಾ ಅವತ್ತು ಹೇಳಿದ್ದು ಖರೇ ಆತು ಅಕ್ಕಾ. ಈಗ ಅವರೂ ಒಪ್ಪ್ಯಾರ."

"ಖರೇ ಆದ್ರ ಗಿಡ ಬರ್ತಾವೇನು?" ಎಂದಳು, ಮೊರದಿಂದ ಕಣ್ಣೆತ್ತದೆ.

ನೀರು ಈಗ ಆ ಕಡೆಯ ಹಳ್ಳಿಗಳಿಗೆಲ್ಲ ಹೋಗುತ್ತದೆ. ಕಲ್ಯಾಣ ಮಂಟಪದಲ್ಲಿ ಮದುವೆಗಳಾಗುತ್ತಿವೆ. ಹಿರಿಯ ಎಂಜಿನಿಯರಿಗೆ ಬಡ್ತಿಯಾಗಿದೆ. ನಾನು ಅದೇ ಮೇಜಿನಲ್ಲಿ ಕೂತು ಸಿಂದಗಿಯ ಕಡೆಯ ಕೆಲಸ ಮಾಡುತ್ತಿದ್ದೇನೆ. ಯಾರ ಹೊಲ, ಯಾರ ತೋಟ ಎಂದು ಈಗ ಕೇಳುವುದಿಲ್ಲ. ಕೇಳಿದರೆ ಆ ಹೆಸರು ಬಾಯಿಗೆ ಬರುತ್ತದೆ, ಹೆಸರು ಬಂದರೆ ದಿಬ್ಬವೂ ಸುಳ್ಳಾಗುತ್ತದೆ. ಅವ್ವ ಹಬ್ಬಕ್ಕೆ ನಮ್ಮಿಬ್ಬರನ್ನೂ ಕರೆಯುತ್ತಾಳೆ, ಅಕ್ಕನನ್ನು ಒಂದು ದಿನ, ನನ್ನನ್ನು ಮರುದಿನ.