ಗಂಜಿ ಹಾಕಿದ ಹಾಯಿ

ಗಾಳಿಯಿಲ್ಲದ ಹಾಯಿ ಮಾಡುವ ಸದ್ದು ಈಗಲೂ ಕಿವಿಯಲ್ಲಿದೆ. ಟಪ್... ಟಪ್... ಒಣಗಲು ಹಾಕಿದ ಸೀರೆ ಸೋಮಾರಿಯಾಗಿ ಗೋಡೆಗೆ ಬಡಿದ ಹಾಗೆ.

ಸ್ವಾತಂತ್ರ್ಯ ಬಂದು ನಾಲ್ಕೈದು ವರ್ಷವಾಗಿತ್ತು. ಅಪ್ಪ ಮಾರಿಕಣಿವೆ ಅಣೆಕಟ್ಟಿನಲ್ಲಿ ಇಂಜಿನಿಯರ್. ಬಿಳಿಯ ಸಾಹೇಬರು ಬಿಟ್ಟುಹೋದ ಎರಡು ಪುಟ್ಟ ಹಾಯಿದೋಣಿಗಳು ಶೆಡ್ಡಿನಲ್ಲಿದ್ದವು. ಕಾನ್ವೆಂಟಿಗೆ ರಜೆ ಬಂದರೆ ಒಂದರಲ್ಲಿ ಅಣ್ಣ ಮತ್ತವನ ಫ್ರೆಂಡ್, ಇನ್ನೊಂದರಲ್ಲಿ ನಾನು ಮತ್ತು ನನ್ನ ಗೆಳತಿ. ಅವಳು ಅಣೆಕಟ್ಟಿನ ಕಾವಲುಗಾರನ ಮಗಳು. ಮನೆಯಲ್ಲಿ ಕುರಿ, ಕಂಬಳಿಯ ಮಗ್ಗ. ರೇಸಿನಲ್ಲಿ ನಾವು ಒಮ್ಮೆಯೂ ಗೆದ್ದವರಲ್ಲ. ಆ ಬೇಸಿಗೆಯಲ್ಲಿ ಅವಳಿಗೆ ಐಮಂಗಲದ ಕಡೆ ಮದುವೆ ಗೊತ್ತಾಯಿತು.

"ಹೋಗೋದ್ರೊಳಗೆ ಒಂದ್ಸಲನಾದ್ರೂ ನಿಮ್ಮಣ್ಣನ್ನ ಸೋಲಿಸ್ಬೇಕು ಕಣೇ. ಆಮ್ಯಾಲೆ ನನ್ನ ಯಾರು ದೋಣಿ ಹತ್ತುಸ್ತಾರೆ?"

ನಮ್ಮ ಹಾಯಿ ಜಾಳುಜಾಳು. ಕಂಬಳಿಯ ನೂಲಿಗೆ ಬಳಿಯುವ ಹುಣಸೆಬೀಜದ ಗಂಜಿಯನ್ನೇ ಕಾಸಿ, ಹಾಯಿಗೆಲ್ಲ ಹಚ್ಚಿ ಒಣಗಿಸಿದಳು.

ರೇಸಿನ ದಿನ ಗಾಳಿ ಇದ್ದೂ ಇಲ್ಲದ ಹಾಗೆ. ಲೈಟ್ ವಿಂಡ್‌ನಲ್ಲಿ ಕೂರುವುದೇ ಆಯಾಸ. ಬಿಸಿಲು, ಜೋಂಪು, ಮುಗಿಯದ ನೀರು. ಆದರೂ ಗಂಜಿಯಿಂದ ಸೆಟೆದ ಆ ಹಾಯಿ ಬಂದಷ್ಟು ಗಾಳಿಯನ್ನು ಹಿಡಿಯಿತು. ನೀರಿನ ನಡುವಿನ ಜಾಲಿಮರದ ದಿಬ್ಬ ಸುತ್ತಿ ತಿರುಗುವಾಗ ನಾವೇ ಮುಂದೆ.

"ಹಪ್ಪಳ ಕಟ್ಕಂಡು ಹೊಂಟೀರಲ್ರೇ!" ಅಣ್ಣ ಹಿಂದಿನಿಂದ ಕೂಗಿದ.

"ಹಿಂದೆ ಕುಂತು ಕಾಯಪ್ಪ, ಕರಿದು ಕೊಡ್ತೀನಿ!" ಎಂದಳು ಇವಳು.

ದಡ ಕಾಣುತ್ತಿದ್ದಂತೆ ಗಾಳಿ ಹೆಚ್ಚುಕಡಿಮೆ ಬಿದ್ದೇಹೋಯಿತು. ಹಾಯಿಯನ್ನು ಒದ್ದೆ ಮಾಡಿದರೆ ಗಾಳಿ ಸೋರುವುದಿಲ್ಲವೆಂದು ಕಾನ್ವೆಂಟ್ ಲೈಬ್ರರಿಯ ಪುಸ್ತಕದಲ್ಲಿ ಓದಿದ್ದೆ. ದೋಣಿಯ ನೀರು ಮೊಗೆಯುವ ಚೊಂಬು ಎತ್ತಿದೆ.

"ಬ್ಯಾಡ ಕಣೇ, ಗಂಜಿ ಬಿಟ್ಕಂತೈತೆ!"

"ಬುಕ್ಕಲ್ಲಿ ಹಾಗೇ ಇದೆ. ಸುಮ್ನಿರೇ ನೀನು."

ನಾಲ್ಕು ಚೊಂಬು ಎರಚಿದೆ. ಗಂಜಿ ಲೋಳೆಯಾಗಿ ನಮ್ಮ ತಲೆಯ ಮೇಲೇ ಇಳಿಯಿತು. ಹಾಯಿ ಜೋತುಬಿತ್ತು. ಅಣ್ಣನ ದೋಣಿ ಪಕ್ಕದಲ್ಲೇ ನಿಧಾನವಾಗಿ ದಾಟಿಹೋಯಿತು.

"ಗಂಜಿ ಹಾಕಿದ ಜಾಣೆ ಯಾರು?" ದಡದಲ್ಲಿ ಅಣ್ಣ ನಕ್ಕ. ಅವಳು ನನ್ನತ್ತ ನೋಡಿದಳು. ನಾನು ತಲೆ ಬಗ್ಗಿಸಿ ಹಗ್ಗ ಸುತ್ತುತ್ತಿದ್ದೆ. "ನಾನೇ" ಎಂದಳು, ನೀರಿನ ಮಾತೆತ್ತಲಿಲ್ಲ. ಚಮಚ ಕೆಳಗೆ ಬಿದ್ದರೂ ‘ಸಾರಿ’ ಎನ್ನಬೇಕೆಂದು ಕಾನ್ವೆಂಟಿನಲ್ಲಿ ನನಗೆ ಕಲಿಸಿದ್ದರು. ಅಂದು ಹಗ್ಗ ಸುತ್ತಿ ಮುಗಿಸಿ ಮನೆಗೆ ನಡೆದೆ. ಮುಂದಿನ ತಿಂಗಳು ಅವಳ ಮದುವೆಯಾಯಿತು.

ಎಷ್ಟೋ ವರ್ಷಗಳ ಮೇಲೆ ಐಮಂಗಲದಲ್ಲಿ ನಮ್ಮ ಬಸ್ಸು ನಿಂತಾಗ ಅವಳೇ ಗುರುತು ಹಿಡಿದು ಕಿಟಕಿಯ ಬಳಿ ಬಂದಳು. ಹೆಗಲ ಮೇಲೆ ಕಂಬಳಿಗಳ ಗಂಟು. ಇಬ್ಬರದೂ ನರೆತ ತಲೆ.

"ಇಳೀರಿ, ಮಜ್ಜಿಗೆ ಕುಡ್ದು ಹೋಗೀರಂತೆ." ನನಗೆ ಬಹುವಚನ ಹಚ್ಚಿದ್ದಳು.

"ಅವತ್ತು ಕೆಡಿಸಿದ್ದು ನಾನು. ನೀರು ಹಾಕಬಾರದಿತ್ತು" ಎಂದೆ.

"ನಂಗೆ ಗೊತ್ತಿಲ್ವೇನ್ರಿ? ದೋಣೀಲಿ ಇದ್ದಿದ್ದೇ ನಾವಿಬ್ರು." ನಕ್ಕಳು. ಆಮೇಲೆ ಮೆಲ್ಲಗೆ, "ನಿಮ್ಮಣ್ಣಂಗೆ ಹೇಳಿದ್ರಾ?"

ಹೇಳಿರಲಿಲ್ಲ. ಅಣ್ಣ ತೀರಿಕೊಂಡು ಎರಡು ವರ್ಷವಾಗಿತ್ತು. ಹಾಗೆಂದು ಹೇಳುವಷ್ಟರಲ್ಲಿ ಬಸ್ಸು ಹೊರಟಿತು. ಅವಳು ಗಂಟನ್ನು ಇನ್ನೊಂದು ಹೆಗಲಿಗೆ ಬದಲಿಸಿ ರಸ್ತೆ ದಾಟುತ್ತಿದ್ದಳು. ಅವಳನ್ನು ನಾನು ನೋಡಿದ್ದು ಅದೇ ಕೊನೆ, ಅದೂ ಬೆನ್ನು ಮಾತ್ರ.