ಬಸ್ಯಾ ಹಿಂತಿರುಗಿ ನೋಡಿದ ಮೇಲೆ

ಫೈನಲ್ ಮುಗಿಯೋಕೆ ಸ್ವಲ್ಪೇ ಹೊತ್ತಿತ್ತು. ನಮ್ಮ ಕಾಲೇಜಿನ ಹುಡುಗ ರೇಡ್‌ಗೆ ಹೋಗಿದ್ದ... ಅಷ್ಟರಲ್ಲಿ ಗೆರೆಯ ಆಚೆಯಿಂದ ಒಬ್ಬ ಹೆಣ್ಣುಮಗಳು ಕೂಗಿದಳು, "ಏ ಬಸ್ಯಾ, ಹುಷಾರೋ ಯಪ್ಪಾ!"

ಅವನು ಉಸಿರು ಬಿಟ್ಟು ಹಿಂತಿರುಗಿ ನೋಡಿದ. ಕೆಡವಿಬಿಟ್ಟರು.

ಆದರೆ ಟೀಮಿನಲ್ಲಿ ಅವನ ಹೆಸರು ವಿನಾಯಕ!

ಮ್ಯಾಚ್ ನಿಲ್ಲಿಸಿ ವಿಚಾರಿಸಿದರೆ ಆ ತಾಯಿ ಹೆಮ್ಮೆಯಿಂದ ಹೇಳಿದಳು, "ಕಾಲೇಜಾ? ನನ್ನ ಮಗ ಸಾಲಿ ಮೆಟ್ಲಾನೂ ಹತ್ತಿಲ್ರೀ. ಮಿಲ್ಲಿನ್ಯಾಗ ದುಡೀತಾನ."

ಎಪ್ಪತ್ತರ ಆಸುಪಾಸಿನ ಮಾತು. ಕಬಡ್ಡಿ ಕೋಚ್ ನಮ್ಮ ಯಜಮಾನರು. ಆ ಹುಡುಗನನ್ನು ತಂದು ನಿಲ್ಲಿಸಿದ್ದು ಕಾಲೇಜಿನ ಸ್ಪೋರ್ಟ್ಸ್ ಸೆಕ್ರೆಟರಿ. "ಹೊಸ ಅಡ್ಮಿಷನ್" ಅಂದರು, ಇವರು ನಂಬಿದರು. ಹುಡುಗ ಗ್ರೌಂಡಿನಲ್ಲಿ ಮರಾಠಿ ಬಿಟ್ಟು ಬೇರೆ ಮಾತಾಡಿದವನೇ ಅಲ್ಲ.

ಕಪ್ ಹೋಯಿತು. ಸೆಕ್ರೆಟರಿ ಕುರ್ಚಿಯಲ್ಲೇ ಉಳಿದರು. ಇವರನ್ನು ತೆಗೆದರು.

"ಕೋಚ್, ಹುಡುಗ ಇಬ್ಬರೂ ಕಾನಡಿ. ಗೊತ್ತಿಲ್ಲದೇ ಇರುತ್ತಾ?" ಅಂದರು ಜನ. ನಮ್ಮ ಕನ್ನಡವೇ ಸಾಕ್ಷಿ ಆಗಿಬಿಟ್ಟಿತು.

ಪ್ರತಿ ಶನಿವಾರ ಟೀಮಿನ ಹುಡುಗರು ಮಾರುತಿಗೆ ಎಣ್ಣೆ, ಎಕ್ಕೆ ಎಲೆಯ ಮಾಲೆ ಕೊಟ್ಟು ಸೀದಾ ಚಾಳಿನ ನಮ್ಮ ಮನೆಗೆ ಬರೋರು. "ವೈನೀ, ಚಹಾ!" ಅಂತ ಅತ್ತಿಗೆಯನ್ನು ಕರೆದ ಹಾಗೆ ಕೂಗೋರು. ಬಾಗಿಲ ತುಂಬ ಚಪ್ಪಲಿ. ಅವರಿಗಾಗಿಯೇ ನಾನು ರೇಷನ್ ಸಕ್ಕರೆ ಉಳಿಸಿಡುತ್ತಿದ್ದೆ.

ಮುಂದಿನ ಶನಿವಾರವೂ ದೊಡ್ಡ ಪಾತ್ರೆಯನ್ನೇ ಇಟ್ಟೆ. ನೀರು ಕುದ್ದು ಕುದ್ದು ತಳ ಕಂಡಿತು... ಯಾರೂ ಬರಲಿಲ್ಲ.

ನಲ್ಲಿ ಹತ್ತಿರ "ಸರ್, ನೀವು ಮೊದಲು ಹಿಡೀರಿ" ಅಂತಿದ್ದವರೇ "ಏನ್ರೀ, ಬಸ್ಯಾನ ಕೋಚ್!" ಅನ್ನೋಕೆ ಶುರುಮಾಡಿದರು. ಇವರು ನಕ್ಕರು. ಒಳಗೆ ಬಂದು, ದಿನಾ ಕೊರಳಿಗೆ ಹಾಕಿಕೊಳ್ಳುತ್ತಿದ್ದ ಸೀಟಿಯನ್ನು ಮಾರುತಿ ಫೋಟೋದ ಹಿಂದೆ ಇಟ್ಟರು.

ಆಮೇಲೆ ಲೋಕಲ್ ಟ್ರೇನಿನಲ್ಲಿ ಆ ಗ್ರೌಂಡ್ ದಾಟುವಾಗೆಲ್ಲ ಇವರು ಆಚೆ ಬಾಗಿಲಿಗೆ ಮುಖ ಮಾಡಿ ನಿಲ್ಲೋರು. ಗ್ರೌಂಡಿನಿಂದ ಸೀಟಿ ಕೇಳಿದರೆ ಮಾತ್ರ ಕೈ ತಾನೇ ಎದೆ ಮೇಲೆ ಹೋಗೋದು, ಅಲ್ಲಿ ಇನ್ನೂ ದಾರ ನೇತಾಡುತ್ತಿದೆಯೇನೋ ಅನ್ನೋ ಹಾಗೆ.

ಈಗ ಬೊರಿವಲಿಯಲ್ಲಿದ್ದೀವಿ. ಮಾರುತಿ ಇದ್ದಾನೆ, ಅವನ ಹಿಂದೆ ಸೀಟಿ ಇದೆ. ಶನಿವಾರ ಫೋಟೋ ಒರೆಸುವಾಗ ಅದನ್ನೂ ಒರೆಸಿಡ್ತೀನಿ. ಇವರು ನೋಡಿದರೂ ನೋಡದವರ ಹಾಗೆ ಪೇಪರ್ ತಿರುವಿ ಹಾಕ್ತಾರೆ. ಚಹಾಕ್ಕೆ ಎರಡು ಲೋಟ ನೀರು ಹೆಚ್ಚಿಗೆ ಹಾಕೋ ಅಭ್ಯಾಸ ನನಗಿನ್ನೂ ಹೋಗಿಲ್ಲ.

ಆ ಹುಡುಗರಲ್ಲಿ ಯಾರಾದರೂ ಇದನ್ನ ಓದ್ತಿದ್ದೀರೇನು? ಇವರಿಗೆ ಈಗ ಕಿವಿ ಸ್ವಲ್ಪ ಮಂದ... ಒಂದು ಶನಿವಾರ ಬಂದು, ಬಾಗಿಲಲ್ಲಿ ನಿಂತು ಜೋರಾಗಿ ಒಮ್ಮೆ "ಸರ್" ಅಂತೀರೇನಪ್ಪಾ?