ಸಿಸ್ಟರಮ್ಮನ ಎರಡನೇ ಕಾರ್ಡು

ಬೈಬಲ್ಲಿನ ದೂಳು ಕೊಡವುವಾಗ ಅದರೊಳಗಿಂದ ಒಂದು ಪೋಸ್ಟ್ ಕಾರ್ಡು ಜಾರಿ ಬಿತ್ತು. ಎರಡನೇ ಕ್ಲಾಸಿನ ಮಗಳು ಎತ್ತಿಕೊಂಡು ಅಕ್ಷರ ಕೂಡಿಸಿ ಓದತೊಡಗಿದಳು: 'ನಮಗೆ ಬೇರೆ ಬಗೆಯ ಲಸಿಕೆ ಮಾಡಿಕೊಡಿ...' ಸಿಸ್ಟರಮ್ಮನ ದುಂಡು ಅಕ್ಷರ, ಕೆಳಗೆ ನನ್ನ ಸಹಿ.

ಸಿಸ್ಟರಮ್ಮ ಆಗ ನಾವಿದ್ದ ತಿ. ನರಸೀಪುರದಲ್ಲಿ ಕಾನ್ವೆಂಟಿನ ಪುಟ್ಟ ದವಾಖಾನೆ ನೋಡಿಕೊಳ್ಳುತ್ತಿದ್ದ ಕನ್ಯಾಸ್ತ್ರೀ. ಹುಟ್ಟಿದ್ದು ಮೂಗೂರಿನ ಕಡೆ. ಉಡುಪು ಮಠದ್ದು, ಬಾಯಿ ಮಾತ್ರ ಊರಿನದೇ.

ಮಗಳಿಗೆ ಒಂಬತ್ತು ತಿಂಗಳು ತುಂಬಿದಾಗ ದಡಾರ-ರುಬೆಲ್ಲಾ ಸೂಜಿ ಹಾಕಿಸಬೇಕಿತ್ತು. ಎಂದೋ ಗರ್ಭಪಾತ ಮಾಡಿಸಿ ತೆಗೆದ ಕೂಸಿನ ಜೀವಕೋಶ ಬೆಳೆಸಿ ಆ ಲಸಿಕೆ ಮಾಡುತ್ತಾರೆ, ಹಾಕಿಸಿದವರಿಗೂ ಪಾಪದಲ್ಲಿ ಪಾಲು ಎಂದು ನಮ್ಮ ಪ್ರಾರ್ಥನಾ ಕೂಟದ ಹಿರಿಯರೊಬ್ಬರು ಹೇಳಿದ್ದರು. ಆಗ ಈಸ್ಟರ್ ಹಬ್ಬಕ್ಕೆ ಮುಂಚಿನ ತಪಸ್ಸುಕಾಲ. ಮಿಕ್ಕವರು ಮಾಂಸ ಬಿಟ್ಟರು, ನಾನು ಮಗಳ ಸೂಜಿ ಬಿಟ್ಟೆ. ಅದನ್ನೇ ವ್ರತವೆಂದುಕೊಂಡಿದ್ದ ನನ್ನ ದಡ್ಡತನಕ್ಕೆ ಈಗಲೂ ನಾಚಿಕೆಯಾಗುತ್ತದೆ.

ಭಾನುವಾರದ ಪೂಜೆ ಮುಗಿಸಿ ಬರುವಾಗ, ಸೂಜಿಯ ಸುದ್ದಿ ತಿಳಿದ ಸಿಸ್ಟರಮ್ಮ ಚರ್ಚಿನ ಮೆಟ್ಟಿಲ ಮೇಲೇ ಅಡ್ಡ ನಿಂತರು. ಹಿರಿಯರೂ ಅಲ್ಲೇ ಇದ್ದರು.

"ಮಾಂಸ ಬಿಟ್ರೆ ನಿನ್ನೊಟ್ಟೆಗೆ ಕಷ್ಟ ಕಣವ್ವಾ. ಸೂಜಿ ಬಿಟ್ರೆ ಯಾರಿಗೆ? ನಿನ್ ಮಗ್ಳಿಂದ ರುಬೆಲ್ಲಾ ಪಕ್ಕದ್ಮನೆ ಬಸುರಿಗೆ ಅಂಟಿದ್ರೆ, ಒಟ್ಟೆವೊಳ್ಗಿರೋ ಕೂಸು ಕಣ್ಣು ಕಿವಿ ಕಳ್ಕತದೆ. ಉಟ್ದೇ ಇರೋ ಕೂಸಿನ ಪರ ಅಂತೀಯಲ್ಲ, ಇದು ಕೂಸಲ್ವಾ?"

ಹಿರಿಯರು ಕೆರಳಿದರು. "ಅಂಗಾರೆ ಅವತ್ತು ಆ ಗರ್ಭಪಾತ ಮಾಡಿದ್ದು ತಪ್ಪಲ್ವಾ ಸಿಸ್ಟರ್?"

"ತಪ್ಪೇ ಕಣ್ರೀ! ಮಾಡ್ದೋರು ಇವಳಲ್ಲ. ಬ್ಯಾರೆ ಲಸಿಕೆ ಸಿಕ್ದೇ ಇದ್ದಾಗ ಇದ್ನ ಆಕುಸ್ಕೋಬೋದು ಅಂತ ಧರ್ಮಸಭೇನೇ ಯೋಳದೆ. ಆದ್ರೆ ಬಾಯ್ ಮುಚ್ಕೊಂಡ್ ಆಕುಸ್ಕೊಳಿ ಅಂತ ಯೋಳಿಲ್ಲ, ಬ್ಯಾರೆ ಲಸಿಕೆ ಮಾಡಿ ಅಂತ ಕೇಳ್ತಾ ಇರ್ಬೇಕು."

ಮರುದಿನವೇ ಮಗಳನ್ನೆತ್ತಿಕೊಂಡು ದವಾಖಾನೆಗೆ ಹೋದೆ. ಸಿಸ್ಟರಮ್ಮ ಸಿರಿಂಜಿಗಿಂತ ಮೊದಲು ಒಂದು ಪೋಸ್ಟ್ ಕಾರ್ಡು ಮುಂದಿಟ್ಟರು. ಲಸಿಕೆ ಕಂಪನಿಗೆ ತಕರಾರು! "ಮೊದ್ಲು ಸೈನ್ ಆಕು, ಆಮೇಲೆ ಕೂಸಿನ ತೋಳು ಇಡ್ಕೋ." ಅವರ ಹತ್ತಿರ ಮಕ್ಕಳಿಗೆ ಈ ಸೂಜಿ ಹಾಕಿಸಿದ ಕ್ರೈಸ್ತ ತಾಯಂದಿರೆಲ್ಲ ಹಾಗೆ ಸಹಿ ಹಾಕಿದವರೇ.

ಎರಡನೇ ಡೋಸಿನ ದಿನ ಎರಡನೇ ಕಾರ್ಡು ಬಂತು. "ಒಂದುಕ್ಕೂ ಉತ್ರ ಬಂದಿಲ್ವಲ್ಲ ಸಿಸ್ಟರಮ್ಮ" ಎಂದೆ.

"ಬರ್ನಿಲ್ಲ ಅಂತ ಸುಮ್ಕಾದ್ರೆ, ಇವ್ರಿಗೆ ಒಪ್ಗೆ ಅದೆ ಅನ್ಕತಾರೆ ಕಣವ್ವಾ. ಓಗಿ ಡಬ್ಬಕ್ ಆಕು."

ಸಹಿ ಹಾಕಿದೆ. ನಾಳೆ ಪೋಸ್ಟ್ ಮಾಡಿದರಾಯಿತು ಎಂದು ಬೈಬಲ್ಲಿನೊಳಗೆ ಇಟ್ಟೆ... ಆ ನಾಳೆ ಬರಲೇ ಇಲ್ಲ. ನಾವು ನಂಜನಗೂಡಿಗೆ ಮನೆ ಬದಲಾಯಿಸಿದೆವು. ಹೋದ ವರ್ಷ ಸಿಸ್ಟರಮ್ಮ ತೀರಿಕೊಂಡರು. ಮಣ್ಣಿಗೆ ಹೋಗಿದ್ದಾಗಲೂ ಈ ಕಾರ್ಡು ನೆನಪಾಗಲಿಲ್ಲ.

ನನ್ನ ಸಹಿಯ ಕೆಳಗೆ ಮಗಳೂ ಸೊಟ್ಟಸೊಟ್ಟಗೆ ತನ್ನ ಹೆಸರು ಬರೆದಳು. ಇಬ್ಬರೂ ಹೋಗಿ ಅಂಚೆ ಡಬ್ಬಕ್ಕೆ ಹಾಕಿದೆವು. ಆರು ವರ್ಷ ತಡ. "ಆಕ್ದಾ?" ಎಂದು ಗದರಿಸಿ ಕೇಳುವವರು ಇಲ್ಲ. ಕಂಪನಿಯವರು ಉತ್ತರ ಬರೆಯದಿದ್ದರೆ ಬೇಡ. ಅಂಚೆ ಕಚೇರಿಯ ಕೌಂಟರಿನಲ್ಲಿ ಇನ್ನೂ ಹತ್ತು ಕಾರ್ಡು ಕೇಳಿ ತಂದಿದ್ದೇನೆ.